ವೆಸ್ನಾತ್: ರಾತ್ರಿ ಆದ ಕೂಡಲೇ ನನ್ನ ಸೈನ್ಯ ಕರಗುತ್ತದೆ. ಹಿಡಿದ ಹಳ್ಳಿ ಬಿಡಬೇಕಾ, ನಿಂತು ಕಾದಾಡಬೇಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಬ್ಯಾಟಲ್ ಫಾರ್ ವೆಸ್ನಾತ್ ಅನ್ನುವ, ಸರದಿ (ಟರ್ನ್) ಪ್ರಕಾರ ಆಡುವ ಕಂಪ್ಯೂಟರ್ ಯುದ್ಧದಾಟ ಆಡುತ್ತಿದ್ದೇನೆ. ನಾನಿರುವುದು ಶಿವಮೊಗ್ಗದಲ್ಲಿ, ನಮ್ಮ ಚಿಕ್ಕಪ್ಪನ ಮಗ ಮೈಸೂರಿನಲ್ಲಿ. ಶನಿವಾರ ರಾತ್ರಿ ಊಟ ಮುಗಿಸಿ ಇಬ್ಬರೂ ಆಟಕ್ಕೆ ಕೂರುತ್ತೇವೆ. ನನ್ನದು ಲಾಯಲಿಸ್ಟ್ ಪಡೆ, ಹೆಚ್ಚಾಗಿ ಮನುಷ್ಯರು. ಅವನದು ನಾರ್ದರ್ನರ್, ಅಂದರೆ ಓರ್ಕ್ ಮತ್ತು ಟ್ರೋಲ್‌ಗಳು. ಆರು ಆಟ ಆಗಿದೆ. ಆರನ್ನೂ ಅವನೇ ಗೆದ್ದಿದ್ದಾನೆ.

ಕಳೆದ ವಾರದ ಆಟ ಹೇಳುತ್ತೇನೆ. 100 ಚಿನ್ನ ಇತ್ತು. ನಾಲ್ಕು ಸ್ಪಿಯರ್‌ಮನ್ (ಈಟಿಯವರು), ಒಬ್ಬ ಮೇಜ್ (ಮಂತ್ರವಾದಿ), ಒಬ್ಬ ಹಾರ್ಸ್‌ಮನ್ (ಕುದುರೆ ಸವಾರ) ತೆಗೆದುಕೊಂಡೆ. 99 ಖರ್ಚಾಯಿತು. ಅವನು ಆರು ಗ್ರಂಟ್ (ಕತ್ತಿ ಹಿಡಿದ ಓರ್ಕ್), ಎರಡು ಟ್ರೋಲ್ ವೆಲ್ಪ್ (ಮರಿ ಟ್ರೋಲ್) ತೆಗೆದುಕೊಂಡ. ನಾಲ್ಕನೇ ಟರ್ನ್ ಹೊತ್ತಿಗೆ ನನ್ನ ಹತ್ತಿರ ಏಳು ಹಳ್ಳಿ, ಅವನ ಹತ್ತಿರ ಐದು. ಮ್ಯಾಪಿನ ನಡುವೆ ಒಂದು ಹೊಳೆ ಇದೆ. ನನ್ನ ಏಳರಲ್ಲಿ ಮೂರು ಹಳ್ಳಿ ಹೊಳೆಯ ಆಚೆ ಇದ್ದವು. ಅಷ್ಟು ಬೇಗ ಹಿಡಿದೆ ಅಂತ ಖುಷಿಯಾಗಿದ್ದೆ. ಐದನೇ ಮತ್ತು ಆರನೇ ಟರ್ನ್‌ನಲ್ಲಿ ಆ ಮೂರು ಹಳ್ಳಿಯ ಸುತ್ತ ನನ್ನ ನಾಲ್ಕು ಜನ ಸತ್ತರು. ಆಮೇಲೆ ಉಳಿದದ್ದು ಸುಮ್ನೆ ಎಳೆದಾಟ.

ನನ್ನ ಪ್ರಶ್ನೆ ಮೂರು. ಒಂದು: ಹಳ್ಳಿಯೊಳಗೆ ನಿಂತ ನನ್ನ ಸ್ಪಿಯರ್‌ಮನ್‌ಗೆ 60% ಡಿಫೆನ್ಸ್ (ಏಟು ತಪ್ಪುವ ಸಾಧ್ಯತೆ) ತೋರಿಸುತ್ತಿತ್ತು. ಎರಡು ಗ್ರಂಟ್ ಬಂದು ನಾಲ್ಕು ಏಟು ಹೊಡೆದವು. ನಾಲ್ಕೂ ತಾಗಿತು! ಇದು ಹೇಗೆ ಸಾಧ್ಯ? ಎರಡು: ನನ್ನ ಹಾರ್ಸ್‌ಮನ್‌ಗೆ 8 ಮೂವ್ ಇದ್ದರೂ ಒಂದು ಮನೆ (ಮ್ಯಾಪಿನ ಆರು ಮೂಲೆಯ ಅಂಕಣ) ಸರಿದು ನಿಂತುಬಿಟ್ಟ. ಮೂರು: ರಾತ್ರಿ ಹೊತ್ತು ಹಳ್ಳಿ ಬಿಟ್ಟು ಬರಬೇಕಾ?

ಬೆಳ್ಳಿಚುಕ್ಕಿ

ಐದು ಮತ್ತು ಆರನೇ ಟರ್ನ್ ಅಂದರೆ ರಾತ್ರಿ. ಉತ್ತರ ಅದರಲ್ಲೇ ಇದೆ.

ತುಂಗಾತೀರ

ರಾತ್ರಿ ನಮ್ಮವರಿಗೆ 25% ಕಡಿಮೆ ಅಂತ ಗೊತ್ತಿದೆ. ಆದರೆ ಬರೀ 25ಕ್ಕೆ ನಾಲ್ಕು ಜನ ಸಾಯುತ್ತಾರಾ?

ಲೆಕ್ಕದಪುಸ್ತಕ

ಸಾಯುತ್ತಾರೆ. ಯಾಕೆ ಅಂದರೆ ನಿಮಗೆ 25 ಕಡಿಮೆ ಆಗುವ ಹೊತ್ತಿಗೇ ಅವನಿಗೆ 25 ಜಾಸ್ತಿ ಆಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿ.

ಸ್ಪಿಯರ್‌ಮನ್ ಈಟಿ 7ರಂತೆ ಮೂರು ಏಟು. ಗ್ರಂಟ್ ಕತ್ತಿ 9ರಂತೆ ಎರಡು ಏಟು. ಸ್ಪಿಯರ್‌ಮನ್ ಲಾಫುಲ್ (ಹಗಲಿನವನು), ಗ್ರಂಟ್ ಕೇಯಾಟಿಕ್ (ರಾತ್ರಿಯವನು). ಹಗಲಲ್ಲಿ ನಿಮ್ಮ 7 ಏರಿ 9 ಆಗುತ್ತದೆ, ಅವನ 9 ಇಳಿದು 7 ಆಗುತ್ತದೆ. ಎಲ್ಲ ಏಟೂ ತಾಗಿದರೆ ನೀವು ಕೊಡುವುದು 27, ತಿನ್ನುವುದು 14. ರಾತ್ರಿ ನಿಮ್ಮ 7 ಬರೀ 5, ಅವನ 9 ಹೋಗಿ 11. ಆಗ ನೀವು ಕೊಡುವುದು 15, ತಿನ್ನುವುದು 22. ಅದೇ ಈಟಿ, ಅದೇ ಕತ್ತಿ, ಅದೇ ನೆಲ.

ಈಗ ಹಳ್ಳಿಯಲ್ಲಿ ಸತ್ತ ನಿಮ್ಮ ಸ್ಪಿಯರ್‌ಮನ್ ವಿಷಯ. ಅವನ ಎಚ್‌ಪಿ (ಪ್ರಾಣ) 36. ರಾತ್ರಿ 11ರಂತೆ ನಾಲ್ಕು ಏಟು ಅಂದರೆ 44. ಸತ್ತ. ಇದೇ ನಾಲ್ಕು ಏಟು ಹಗಲಲ್ಲಿ ನಾಲ್ಕೂ ತಾಗಿದ್ದರೆ 28. ಅವನು 8 ಎಚ್‌ಪಿಯಲ್ಲಿ ಬದುಕಿರುತ್ತಿದ್ದ. ಹಳ್ಳಿಯಲ್ಲಿ ಇರುವುದರಿಂದ ನಿಮ್ಮ ಮುಂದಿನ ಟರ್ನ್ ಶುರುವಿಗೆ ಇನ್ನೂ 8 ಬಂದು 16 ಆಗುತ್ತಿತ್ತು. ಅಂದರೆ ಅಷ್ಟು ಕೆಟ್ಟ ದಾಳ ಬಿದ್ದರೂ ಹಗಲಲ್ಲಿ ಅವನನ್ನು ಆ ಎರಡು ಗ್ರಂಟ್‌ಗಳು ಕೊಲ್ಲೋಕೆ ಆಗುತ್ತಲೇ ಇರಲಿಲ್ಲ. ರಾತ್ರಿ ಕೊಲ್ಲೋಕೆ ಆಗುತ್ತದೆ. ದಾಳವನ್ನು ಬೈಯುವ ಮೊದಲು ಇದನ್ನು ನೋಡಬೇಕು ಅನ್ನುವುದು ನನ್ನ ವಾದ.

60% ಡಿಫೆನ್ಸ್ ಇದ್ದಾಗ ಒಂದು ಏಟು ತಾಗುವ ಸಾಧ್ಯತೆ 40%. ನಾಲ್ಕೂ ತಾಗುವುದು 2.56%. ಅಪರೂಪವೇ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಆಟದಲ್ಲಿ ಇಂಥ ಜಗಳ ನಲವತ್ತು ಐವತ್ತು ನಡೆಯುತ್ತವೆ ಅಲ್ವಾ? ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ.

ಮುಂಗಾರು_77

ಇನ್ನೊಂದು ವಿಷಯ. ಪೆಟ್ಟು ತಿಂದ ಯೂನಿಟ್ ಕೊಡುವ ಏಟೂ ಕಡಿಮೆ ಆಗುತ್ತದೆ. ಅರ್ಧ ಪ್ರಾಣದಲ್ಲಿ ಇರುವವನು ಅರ್ಧ ಬಲದಲ್ಲೇ ಹೊಡೆಯುತ್ತಾನೆ. ಹಾಗಾಗಿ ರಾತ್ರಿ ಮೊದಲ ಏಟು ಯಾರು ಕೊಡುತ್ತಾರೋ ಅವರದ್ದೇ ಆಟ.

ಲೆಕ್ಕದಪುಸ್ತಕ

ಇಲ್ಲ, ಅದು ಬೇರೆ ಆಟಗಳಲ್ಲಿ. ವೆಸ್ನಾತ್‌ನಲ್ಲಿ 1 ಎಚ್‌ಪಿ ಉಳಿದ ಗ್ರಂಟ್ ಕೂಡ ರಾತ್ರಿ 11ರಂತೆಯೇ ಹೊಡೆಯುತ್ತದೆ. ಅದಕ್ಕೇ ಇಲ್ಲಿ ಐದು ಜನರಿಗೆ ಗಾಯ ಮಾಡುವುದಕ್ಕಿಂತ ಒಬ್ಬನನ್ನು ಪೂರ್ತಿ ಮುಗಿಸುವುದು ಒಳ್ಳೆಯದು.

ಮುಂಗಾರು_77

ಸರಿ, ಈಗ ತೆಗೆದು ನೋಡಿದೆ. ನೀವು ಹೇಳಿದ್ದೇ ನಿಜ. ಇಷ್ಟು ದಿನ ತಪ್ಪು ತಿಳಿದುಕೊಂಡಿದ್ದೆ, ಥ್ಯಾಂಕ್ಸ್.

ಹಳೇಕೋಟೆ

ತುಂಗಾತೀರ ಅವರೇ, ನಿಮ್ಮ ಮೂರನೇ ಪ್ರಶ್ನೆಯೇ ಮುಖ್ಯ. ಅದಕ್ಕೆ ನನ್ನ ಉತ್ತರ: ಬಿಟ್ಟು ಬನ್ನಿ. ಕಣ್ಣು ಮುಚ್ಚಿಕೊಂಡು ಬಿಟ್ಟು ಬನ್ನಿ.

ಆಟದ ಗಡಿಯಾರ ಆರು ಟರ್ನ್‌ನದು. ಒಂದನೇ ಟರ್ನ್ ನಸುಕು. ಎರಡು, ಮೂರು ಹಗಲು. ನಾಲ್ಕು ಮುಸ್ಸಂಜೆ. ಐದು, ಆರು ರಾತ್ರಿ. ಏಳನೆಯದು ಮತ್ತೆ ನಸುಕು. ನಸುಕು ಮತ್ತು ಮುಸ್ಸಂಜೆಯಲ್ಲಿ ನಿಮಗೂ ಅವನಿಗೂ ಹೆಚ್ಚು ಕಡಿಮೆ ಏನೂ ಇಲ್ಲ. ಬಲಗಡೆ ಪುಟ್ಟ ಮ್ಯಾಪಿನ ಕೆಳಗೆ ಸೂರ್ಯ ಚಂದ್ರರ ಚಿತ್ರ ಇರುತ್ತದೆ, ಪ್ರತಿ ಟರ್ನ್ ಅದನ್ನು ನೋಡಿಯೇ ಕೈ ಇಡಿ. ನಿಮಗೆ ಆರರಲ್ಲಿ ಎರಡು ಟರ್ನ್ ಮಾತ್ರ ಹುಲಿಯಂತೆ ಇರಬಹುದು. ಎರಡು ಟರ್ನ್ ಹಿಂದೆ ಸರಿಯಬೇಕು. ಉಳಿದ ಎರಡರಲ್ಲಿ ಜಾಗ ಸರಿಮಾಡಿಕೊಳ್ಳಬೇಕು.

ನೀವು ಮಾಡಿದ್ದು ಏನು? ಹಗಲಿನ ಎರಡೂ ಟರ್ನ್ ಹಳ್ಳಿ ಹಿಡಿಯೋಕೆ ಓಡಿದಿರಿ. ಮುಸ್ಸಂಜೆಗೆ ಅವನ ಮುಂದೆ ಹೋಗಿ ನಿಂತಿರಿ. ಅವನು ಕಾಯುತ್ತಿದ್ದದ್ದೇ ಅದಕ್ಕೆ.

ಗುಡ್ಡದಮನೆ

ಹಳೇಕೋಟೆ ಸರ್, ಎಲ್ಲರಿಗೂ ಇದೇ ಹೇಳುತ್ತೀರಿ, ನಾನು ಒಪ್ಪುವುದಿಲ್ಲ. ಹಳ್ಳಿ ಬಿಟ್ಟರೆ ಚಿನ್ನ ಹೋಗುತ್ತದೆ. ಚಿನ್ನ ಹೋದರೆ ಸೈನ್ಯ ಎಲ್ಲಿಂದ ಬರುತ್ತದೆ? ಹೊಸಬರು ನಿಮ್ಮ ಮಾತು ಕೇಳಿ ಕೋಟೆ ತನಕ ಓಡಿ ಬರುತ್ತಾರೆ. ಬೆಳಗಾಗುವಷ್ಟರಲ್ಲಿ ಅರ್ಧ ಮ್ಯಾಪ್ ಹೋಗಿರುತ್ತದೆ. ನೆಲ ನೋಡಿ ನಿಲ್ಲಬೇಕು. ಒಳ್ಳೆಯ ನೆಲ ಇದ್ದರೆ ರಾತ್ರಿಯೂ ತಡೆಯಬಹುದು.

ಹಳೇಕೋಟೆ

ಚಿನ್ನದ ಲೆಕ್ಕವನ್ನೇ ಮಾಡೋಣ. ಹಳ್ಳಿಗೆ ಟರ್ನ್‌ಗೆ 2 ಚಿನ್ನ ಅಂತ ಇಟ್ಟುಕೊಳ್ಳಿ. ಮೂರು ಹಳ್ಳಿ ಎರಡು ಟರ್ನ್ ಬಿಟ್ಟರೆ 12 ಹೋಯಿತು. ಅವನಿಗೆ 12 ಬಂತು. ಒಟ್ಟು 24ರ ವ್ಯತ್ಯಾಸ. ಇಬ್ಬರು ಸ್ಪಿಯರ್‌ಮನ್ ಬೆಲೆ 28. ಇವರು ಕಳೆದುಕೊಂಡದ್ದು ನಾಲ್ಕು ಜನರನ್ನು.

ಸಾಗರಿ_ಆಡ್ತಾಳೆ

ಹಳೇಕೋಟೆ ಅಣ್ಣ, ಲೆಕ್ಕ ಅರ್ಧ ಮಾತ್ರ ಆಯಿತು. ಸಂಬಳ ಮರೆತಿರಿ. ಪ್ರತಿ ಯೂನಿಟ್‌ಗೂ ಅದರ ಲೆವೆಲ್ ಎಷ್ಟೋ ಅಷ್ಟು ಚಿನ್ನ ಟರ್ನ್‌ಗೆ ಖರ್ಚು. ಒಂದು ಹಳ್ಳಿ ಒಂದು ಲೆವೆಲ್‌ನ ಖರ್ಚನ್ನು ತಾನೇ ಹೊರುತ್ತದೆ. ಇವರ ಹತ್ತಿರ ಆರು ಯೂನಿಟ್, ಏಳು ಹಳ್ಳಿ. ಖರ್ಚೇ ಇಲ್ಲ. ಮೂರು ಹಳ್ಳಿ ಹೋದರೆ ನಾಲ್ಕು ಉಳಿಯುತ್ತವೆ, ಇಬ್ಬರ ಸಂಬಳ ಜೇಬಿನಿಂದ ಹೋಗುತ್ತದೆ. ಎರಡು ಟರ್ನ್‌ಗೆ 4. ಅವನಿಗೆ ಎಂಟು ಯೂನಿಟ್, ಐದು ಹಳ್ಳಿ. ಮೊದಲು ಮೂವರ ಸಂಬಳ ಕೊಡುತ್ತಿದ್ದ. ಹಳ್ಳಿ ಎಂಟಾದ ಕೂಡಲೇ ಅದು ಉಳಿಯಿತು. ಎರಡು ಟರ್ನ್‌ಗೆ 6. ಹಾಗಾಗಿ ವ್ಯತ್ಯಾಸ 24 ಅಲ್ಲ, 34.

ಹಳೇಕೋಟೆ

ಒಪ್ಪಿದೆ ತಂಗಿ, ಸಂಬಳ ಬಿಟ್ಟುಹೋಗಿತ್ತು. ಆದರೂ ನಾಲ್ಕು ಜನ ಅಂದರೆ, ನಾಲ್ವರೂ ಸ್ಪಿಯರ್‌ಮನ್ ಆಗಿದ್ದರೂ, 56 ಚಿನ್ನ. ಜೊತೆಗೆ ಅವನಿಗೆ ಅನುಭವ ಬೇರೆ. ಲೆವೆಲ್ 1 ಯೂನಿಟ್ ಜೊತೆ ಜಗಳ ಆಡಿದರೆ 1 ಅಂಕ, ಅದನ್ನು ಕೊಂದರೆ 8. ನಾಲ್ಕು ಜನ ಸತ್ತರೆ 32 ಅಂಕ. ಅವರಲ್ಲಿ ಹೆಚ್ಚಿನವರನ್ನು ಒಂದೇ ಗ್ರಂಟ್ ಕೊಂದಿದ್ದರೆ ಅದು ಲೆವೆಲ್ 2ರ ಬಾಗಿಲಿಗೆ ಬಂದು ನಿಂತಿರುತ್ತದೆ. ಲೆವೆಲ್ ಏರಿದ ಕ್ಷಣ ಗಾಯ ಪೂರ್ತಿ ವಾಸಿ. ಇದನ್ನೂ ಬೆಲೆಗೆ ಸೇರಿಸಿ.

ಗುಡ್ಡದಮನೆ

ಸಾಗರಿ ಅವರು ಹೇಳಿದ 34 ಸಣ್ಣ ಮೊತ್ತ ಅಲ್ಲ. ಅದು ಎರಡೇ ಟರ್ನ್‌ನದು. ಬಿಟ್ಟ ಹಳ್ಳಿ ಬೆಳಗಾದ ಕೂಡಲೇ ವಾಪಸ್ ಬರುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ?

ಚೌಕಾಬಾರ

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ. ಹಾರ್ಸ್‌ಮನ್ ನಿಂತದ್ದು ಝೋನ್ ಆಫ್ ಕಂಟ್ರೋಲ್‌ನಿಂದ. ಪ್ರತಿ ಯೂನಿಟ್ ತನ್ನ ಸುತ್ತಲಿನ ಆರು ಮನೆಗಳಿಗೆ ಕಾವಲು ಇದ್ದ ಹಾಗೆ. ಶತ್ರುವಿನ ಕಾವಲಿನ ಮನೆಗೆ ಕಾಲಿಟ್ಟರೆ ನಿಮ್ಮ ಮೂವ್ ಅಲ್ಲಿಗೆ ಮುಗಿಯಿತು. 8 ಇರಲಿ 80 ಇರಲಿ. ನೀವು ಮೊದಲೇ ಕಾವಲಿನ ಮನೆಯಲ್ಲಿದ್ದರೆ ಒಂದು ಮನೆ ಸರಿಯಬಹುದು, ಆದರೆ ಆ ಮನೆಗೂ ಕಾವಲಿದ್ದರೆ ಮತ್ತೆ ಅಲ್ಲೇ ನಿಲ್ಲಬೇಕು.

ಇದನ್ನು ನಾನು ಅರ್ಥ ಮಾಡಿಕೊಂಡದ್ದು ಹುಲಿ ಕುರಿ ಆಟದಿಂದ. ನಮ್ಮ ಅಜ್ಜಿ ಜಗಲಿಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಮನೆ ಬರೆದು ಆಡಿಸುತ್ತಿದ್ದರು. ಕುರಿಗೆ ಹುಣಸೆ ಬೀಜ, ಹುಲಿಗೆ ಸಣ್ಣ ಕಲ್ಲು. ಹುಲಿಯನ್ನು ಕುರಿ ಕೊಲ್ಲುವುದಿಲ್ಲ. ಅದು ಸರಿಯುವ ದಾರಿಯನ್ನೆಲ್ಲ ಮುಚ್ಚುತ್ತದೆ, ಅಷ್ಟೇ. ವೆಸ್ನಾತ್‌ನಲ್ಲೂ ಹಾಗೆಯೇ. ಶತ್ರುವಿನ ಒಂದು ಪಕ್ಕ ಒಬ್ಬನನ್ನು ನಿಲ್ಲಿಸಿ, ಅದಕ್ಕೆ ಸರಿ ಎದುರು ಪಕ್ಕ ಇನ್ನೊಬ್ಬನನ್ನು ನಿಲ್ಲಿಸಿ. ಉಳಿದ ನಾಲ್ಕು ಮನೆಯೂ ನಿಮ್ಮ ಕಾವಲಿಗೆ ಬಂತು. ಅವನು ಒಂದು ಮನೆಗಿಂತ ಜಾಸ್ತಿ ಓಡೋಕೆ ಆಗುವುದಿಲ್ಲ. ಬರೀ ಇಬ್ಬರು ಸಾಕು.

ಬೆಳ್ಳಿಚುಕ್ಕಿ

ಹಂಪಿಯಲ್ಲಿ ಗುಡಿಯ ಕಲ್ಲು ಹಾಸಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿದ್ದಾರೆ. ನೋಡಿದ್ದೀರಾ? ಹೋದ ವರ್ಷ ಮಗಳಿಗೆ ತೋರಿಸಿದೆ. ಅಲ್ಲೇ ಕೂತು ಹುಣಸೆ ಬೀಜ ಕೇಳಿದಳು.

ಚೌಕಾಬಾರ

ನೋಡಿದ್ದೇನೆ. ಎಷ್ಟು ಹೊತ್ತು ಕೂತು ಆಡಿದ್ದರೋ ಏನೋ, ಗೆರೆಗಳು ಸವೆದಿವೆ.

ಹೊಸಬ_ಆಟಗಾರ

ಝೋನ್ ಆಫ್ ಕಂಟ್ರೋಲ್‌ಗೆ ಕನ್ನಡದಲ್ಲಿ ಒಂದು ಪದ ಬೇಡವಾ? ನಿಯಂತ್ರಣ ವಲಯ ಅಂದರೆ?

ಚೌಕಾಬಾರ

ನಿಯಂತ್ರಣ ವಲಯ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗೆ ಆಗುತ್ತದೆ. ಕಾವಲು ಮನೆ ಅನ್ನಿ. ಪಗಡೆ, ಚೌಕಾಬಾರ, ಚದುರಂಗ ಎಲ್ಲದರಲ್ಲೂ ನಾವು ಮನೆ ಅಂತಲೇ ಹೇಳುವುದು. ಆರು ಮೂಲೆ ಇದ್ದ ಮಾತ್ರಕ್ಕೆ ಮನೆ ಮನೆ ಅಲ್ಲದೆ ಹೋಗುತ್ತದಾ?

ಸಾಗರಿ_ಆಡ್ತಾಳೆ

ಕಾವಲು ಮನೆ ಚೆನ್ನಾಗಿದೆ. ನಾನು ಇನ್ಮುಂದೆ ಅದನ್ನೇ ಬಳಸುತ್ತೇನೆ.

ಎರಡು ವಿನಾಯಿತಿ ಸೇರಿಸಿಬಿಡಿ. ಲೆವೆಲ್ 0 ಯೂನಿಟ್‌ಗಳಿಗೆ ಕಾವಲು ಇಲ್ಲ. ಗಾಬ್ಲಿನ್ ಸ್ಪಿಯರ್‌ಮನ್ ಪಕ್ಕದಲ್ಲಿ ಧಾರಾಳವಾಗಿ ನಡೆದು ಹೋಗಬಹುದು. ಇನ್ನು ಸ್ಕರ್ಮಿಶರ್ ಗುಣ ಇರುವವರಿಗೆ ಯಾರ ಕಾವಲೂ ತಾಗುವುದಿಲ್ಲ. ಲಾಯಲಿಸ್ಟ್‌ನಲ್ಲಿ ಫೆನ್ಸರ್‌ಗೆ ಅದು ಇದೆ. ಅವನನ್ನು ಒಬ್ಬನನ್ನು ಇಟ್ಟುಕೊಂಡರೆ ಬೆಳಗಿನ ಜಾವ ಶತ್ರು ಸಾಲಿನ ಹಿಂದೆ ನುಸುಳಿ ಖಾಲಿ ಹಳ್ಳಿ ಹಿಡಿಯಬಹುದು.

ಗುಡ್ಡದಮನೆ

ಈಗ ನನ್ನ ವಾದ ಪೂರ್ತಿ ಕೇಳಿ. ತುಂಗಾತೀರ ಅವರ ಮ್ಯಾಪಿನಲ್ಲಿ ಹೊಳೆ ಇದೆ. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಆಳವಿಲ್ಲದ ನೀರಲ್ಲಿ ಗ್ರಂಟ್ ಡಿಫೆನ್ಸ್ ಬರೀ 20%. ಅಂದರೆ ನಿಮ್ಮ ಏಟು 80% ತಾಗುತ್ತದೆ. ನೀವು ಹೊಳೆಯ ಈಚೆ ದಂಡೆಯ ಮೇಲೆ ಸಾಲಾಗಿ ನಿಂತರೆ ನಿಮ್ಮನ್ನು ಹೊಡೆಯಬೇಕಾದವನು ನೀರಿಗೆ ಇಳಿಯಲೇಬೇಕು. ಅವನ ಟರ್ನ್‌ನಲ್ಲಿ ಅವನು ಹೊಡೆದಾಗ ನಿಮ್ಮವನು ಸುಮ್ನೆ ನಿಂತಿರುವುದಿಲ್ಲ, ತಿರುಗಿ ಹೊಡೆಯುತ್ತಾನೆ. ಸ್ಪಿಯರ್‌ಮನ್‌ಗೆ ಫಸ್ಟ್ ಸ್ಟ್ರೈಕ್ ಇದೆ, ಹಾಗಾಗಿ ಮೈಮೇಲೆ ಬಂದವನಿಗೂ ಮೊದಲ ಏಟು ಇವನದ್ದೇ.

ರಾತ್ರಿ ಲೆಕ್ಕ ಹಾಕಿ. ಸ್ಪಿಯರ್‌ಮನ್ 5ರಂತೆ ಮೂರು ಏಟು, 80%. ಸರಾಸರಿ 12. ಗ್ರಂಟ್ 11ರಂತೆ ಎರಡು ಏಟು. ಬಯಲಲ್ಲಿ ನಿಂತ ಮನುಷ್ಯನಿಗೆ 40% ಡಿಫೆನ್ಸ್, ಅಂದರೆ 60% ತಾಗುತ್ತದೆ. ಸರಾಸರಿ 13.2. ಹೆಚ್ಚು ಕಡಿಮೆ ಸಮ ಆಯಿತಲ್ಲ! ದಂಡೆಯ ಮೇಲೆ ಒಂದು ಗುಡ್ಡವೋ ಹಳ್ಳಿಯೋ ಇದ್ದರೆ ಇನ್ನೂ ಒಳ್ಳೆಯದು. ಹಳ್ಳಿಯಲ್ಲಿ ನಿಂತರೆ ನೀವು ತಿನ್ನುವುದು ಸರಾಸರಿ 8.8, ಕೊಡುವುದು ಅದೇ 12. ನಡುರಾತ್ರಿಯಲ್ಲಿ ನೀವೇ ಮೇಲು.

ಹಳೇಕೋಟೆ

ಇದನ್ನು ಒಪ್ಪುತ್ತೇನೆ. ಆದರೆ ನೋಡಿ, ಈಚೆ ದಂಡೆಗೆ ಬರಬೇಕು ಅಂದರೆ ಆಚೆಯ ಮೂರು ಹಳ್ಳಿ ಬಿಟ್ಟೇ ಬರಬೇಕು. ನಾನು ಹೇಳಿದ್ದೂ ಅದನ್ನೇ ಅಲ್ವಾ?

ಗುಡ್ಡದಮನೆ

ನೀವು ಓಡಿ ಬನ್ನಿ ಅಂದಿರಿ. ನಾನು ಇಲ್ಲಿ ತನಕ ಬಂದು ನಿಲ್ಲಿ ಅನ್ನುತ್ತಿದ್ದೇನೆ. ಅವೆರಡೂ ಒಂದೇ ಅಲ್ಲ.

ಹಳೇಕೋಟೆ

ಆಯಿತು. ನಿಲ್ಲುವ ಜಾಗ ಹೇಳದೆ ಹಿಂದೆ ಬನ್ನಿ ಅಂದದ್ದು ನನ್ನ ತಪ್ಪು.

ಲೆಕ್ಕದಪುಸ್ತಕ

ಗುಡ್ಡದಮನೆಯವರ ಲೆಕ್ಕ ಒಬ್ಬರ ಮೇಲೆ ಒಬ್ಬರು ಬಂದಾಗ ಸರಿ. ಆದರೆ ಓರ್ಕ್‌ಗಳು ಒಬ್ಬೊಬ್ಬರೇ ಬರುವುದಿಲ್ಲ. ಒಬ್ಬನ ಮೇಲೆ ಮೂವರು ಬಿದ್ದರೆ 13.2ಕ್ಕೆ ಮೂರು ಪಟ್ಟು. ಸರಾಸರಿಯೇ ಸುಮಾರು 40. ಎಚ್‌ಪಿ 36. ಹಾಗಾಗಿ ನೆಲಕ್ಕಿಂತ ಮೊದಲು ಸಾಲಿನ ಆಕಾರ ನೋಡಬೇಕು.

ವೆಸ್ನಾತ್ ಮ್ಯಾಪಿನಲ್ಲಿ ಮನೆಗಳು ಮೇಲಿಂದ ಕೆಳಗೆ ನೇರ ಕಂಬದ ಹಾಗೆ ಜೋಡಿಸಿವೆ. ಉತ್ತರ ದಕ್ಷಿಣವಾಗಿ ಸಾಲು ನಿಲ್ಲಿಸಿದರೆ ಅದು ನೇರ ಸಾಲು. ನಡುವಿನ ಪ್ರತಿಯೊಬ್ಬನ ಮುಂದೆಯೂ ಶತ್ರು ನಿಲ್ಲಬಹುದಾದ ಮನೆ ಎರಡೇ. ಓರೆಯಾಗಿ ನಿಲ್ಲಿಸಿದರೂ ಎರಡೇ. ಆದರೆ ಪೂರ್ವ ಪಶ್ಚಿಮವಾಗಿ ಸಾಲು ನಿಲ್ಲಿಸಿದರೆ ಅದು ಹಾವಿನ ಹಾಗೆ ಅಂಕುಡೊಂಕು ಆಗುತ್ತದೆ. ಮುಂದೆ ಚಾಚಿದವನಿಗೆ ಮೂರು ಮನೆಯಿಂದ ಏಟು, ಹಿಂದೆ ಸರಿದವನಿಗೆ ಒಂದೇ ಮನೆಯಿಂದ.

ಇದು ತೊಂದರೆಯೂ ಹೌದು, ಉಪಯೋಗವೂ ಹೌದು. ಆ ಒಂದು ಮನೆಯ ಜಾಗದಲ್ಲಿ ಗಾಯಗೊಂಡವನನ್ನೋ ಮೇಜ್‌ನನ್ನೋ ಇಡಿ. ಮೂರು ಮನೆಯ ಜಾಗದಲ್ಲಿ ಗಟ್ಟಿ ಇರುವವನನ್ನು ಇಡಿ, ಅದೂ ಹಳ್ಳಿಯೋ ಗುಡ್ಡವೋ ಆಗಿದ್ದರೆ ಮಾತ್ರ. ತುಂಗಾತೀರ ಅವರೇ, ನಿಮ್ಮ ಹೊಳೆ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ?

ತುಂಗಾತೀರ

ಪೂರ್ವದಿಂದ ಪಶ್ಚಿಮಕ್ಕೆ. ನಾನು ದಕ್ಷಿಣ, ಅವನು ಉತ್ತರ. ಸಾಲು ಅಂಕುಡೊಂಕು ಆಗುವ ವಿಷಯ ಇವತ್ತೇ ಗೊತ್ತಾಯಿತು. ಹಳೆಯ ಆಟದ ರೀಪ್ಲೇ ತೆಗೆದೆ. ಸತ್ತ ನಾಲ್ವರಲ್ಲಿ ಮೂವರು ಮುಂದೆ ಚಾಚಿದ ಮನೆಯಲ್ಲೇ ಇದ್ದರು. ಅವರಲ್ಲಿ ಒಬ್ಬ ನನ್ನ ಮೇಜ್.

ಸಾಗರಿ_ಆಡ್ತಾಳೆ

ಅಯ್ಯೋ, ಮೇಜ್‌ನನ್ನು ಮುಂದೆ ಬಿಟ್ಟಿದ್ದಿರಾ! ಅವನಿಗೆ ಹತ್ತಿರದ ಜಗಳ ಬರುವುದಿಲ್ಲ. ಎಚ್‌ಪಿಯೂ ಕಡಿಮೆ. 20 ಚಿನ್ನ ಕೊಟ್ಟು ತಂದವನು. ಅವನ ಕೆಲಸವೇ ಬೇರೆ. ಮೇಜ್ ಏಟು ಯಾವ ನೆಲದಲ್ಲಿ ನಿಂತವನಿಗೂ 70% ತಾಗುತ್ತದೆ. ಹಳ್ಳಿಯಲ್ಲಿ ಕೂತ ಟ್ರೋಲ್, ಕಾಡಲ್ಲಿ ಅಡಗಿದ ಎಲ್ಫ್, ಬೆಟ್ಟದ ಮೇಲಿನ ಡ್ವಾರ್ಫ್, ಎಲ್ಲರಿಗೂ ಒಂದೇ. ಮೂರು ಏಟೂ ತಪ್ಪುವ ಸಾಧ್ಯತೆ 2.7% ಮಾತ್ರ. ಅದೇ 60% ಡಿಫೆನ್ಸ್ ಇರುವವನ ಮೇಲೆ ಸ್ಪಿಯರ್‌ಮನ್ ಹೊಡೆಯುವ ಮೂರೂ ಏಟು ತಪ್ಪುವುದು 21.6%, ಐದರಲ್ಲಿ ಒಂದು ಸಲ.

ಹಿಂದಿನ ಸಾಲಲ್ಲಿಡಿ. ನಿಮ್ಮ ಟರ್ನ್‌ನಲ್ಲಿ ಮುಂದೆ ಬಂದು ಹೊಡೆಯಲಿ. ಶತ್ರು ಸತ್ತರೆ ಆ ಜಾಗ ಖಾಲಿ, ಬೇರೆಯವನನ್ನು ಮುಂದೆ ನಿಲ್ಲಿಸಿ ಅವನಿಗೆ ಮರೆ ಮಾಡಿ.

ಹೊಸಬ_ಆಟಗಾರ

ನೆಲ ಚೆನ್ನಾಗಿದ್ದರೆ ತಿನ್ನುವ ಏಟಿನ ತೂಕವೂ ಕಡಿಮೆ ಆಗುತ್ತದಾ?

ಲೆಕ್ಕದಪುಸ್ತಕ

ಇಲ್ಲ. ನೆಲ ಏಟು ತಾಗುತ್ತದಾ ಇಲ್ಲವಾ ಅನ್ನುವುದನ್ನು ಮಾತ್ರ ನಿರ್ಧರಿಸುತ್ತದೆ. ತಾಗಿದ ಮೇಲೆ ಎಷ್ಟು ಹೋಗುತ್ತದೆ ಅನ್ನುವುದು ಹೊತ್ತು ಮತ್ತು ರೆಸಿಸ್ಟೆನ್ಸ್‌ಗೆ (ಒಂದೊಂದು ಬಗೆಯ ಆಯುಧವನ್ನು ತಡೆಯುವ ಶಕ್ತಿ) ಬಿಟ್ಟದ್ದು. ಲೆಫ್ಟಿನೆಂಟ್ ಪಕ್ಕದಲ್ಲಿ ಇದ್ದರೆ ಅವನಿಗಿಂತ ಕೆಳಗಿನ ಲೆವೆಲ್‌ನವರಿಗೆ ಪ್ರತಿ ಲೆವೆಲ್ ವ್ಯತ್ಯಾಸಕ್ಕೆ 25% ಜಾಸ್ತಿ. ಲೆವೆಲ್ 2 ಲೆಫ್ಟಿನೆಂಟ್ ಪಕ್ಕ ಲೆವೆಲ್ 1 ಸ್ಪಿಯರ್‌ಮನ್ ನಿಂತರೆ ರಾತ್ರಿಯ ಕಳೆಯುವ 25 ಅಲ್ಲೇ ವಜಾ, ಪೂರ್ತಿ 7ರಂತೆ ಹೊಡೆಯುತ್ತಾನೆ. ನಿಮ್ಮ ನಾಯಕ ಲೆಫ್ಟಿನೆಂಟ್ ಆಗಿದ್ದರೆ ಕೋಟೆಯಲ್ಲೇ ಕೂರಿಸಬೇಡಿ.

ಬೆಳ್ಳಿಚುಕ್ಕಿ

ನಾಯಕನನ್ನು ಹೊಳೆ ದಂಡೆಗೆ ತರುವುದಾ? ಅವನು ಸತ್ತರೆ ಆಟವೇ ಮುಗಿಯುತ್ತದೆ. ಹೊಸಬರಿಗೆ ಈ ಸಲಹೆ ಬೇಡ.

ಲೆಕ್ಕದಪುಸ್ತಕ

ಎರಡನೇ ಸಾಲಲ್ಲಿ ಇರಲಿ ಅಂದೆ. ಮುಂದಿನವರು ನಡುವೆ ಜಾಗ ಬಿಡದೆ ನಿಂತಿದ್ದರೆ ಹಿಂದಿನವನ ಹತ್ತಿರ ಯಾರೂ ಬರೋಕೆ ಆಗುವುದಿಲ್ಲ.

ಬೆಳ್ಳಿಚುಕ್ಕಿ

ಮುಂದಿನವನು ಸತ್ತರೆ ಜಾಗ ತೆರೆಯುತ್ತದಲ್ಲ. ನನ್ನ ನಾಯಕ ಹಾಗೆ ಮೂರು ಸಲ ಸತ್ತಿದ್ದಾನೆ. ಹೊಸಬರು ಕೋಟೆಯಲ್ಲೇ ಇಡಲಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಚೌಕಾಬಾರ

ಒಂದು ಉಪಾಯ ಹೇಳುತ್ತೇನೆ. ಹೊಳೆ ಉದ್ದ ಇದ್ದು ನಿಮ್ಮ ಜನ ಕಡಿಮೆ ಇದ್ದರೆ ಇಬ್ಬರ ನಡುವೆ ಎರಡು ಮನೆ ಖಾಲಿ ಬಿಡಿ. ಆ ಖಾಲಿ ಮನೆ ಎರಡಕ್ಕೂ ಯಾರಾದರೊಬ್ಬರ ಕಾವಲು ಇರುತ್ತದೆ. ಒಂದೇ ಟರ್ನ್‌ನಲ್ಲಿ ಯಾರೂ ತೂರಿ ಹೋಗೋಕೆ ಆಗುವುದಿಲ್ಲ. ಮುಸ್ಸಂಜೆ ಹೊತ್ತಿಗೆ, ಅವನು ಇನ್ನೂ ದೂರ ಇರುವಾಗ ಇದು ಒಳ್ಳೆಯದು. ಕತ್ತಲಾದ ಮೇಲೆ ಮಾತ್ರ ಒತ್ತಾಗಿ ನಿಲ್ಲಿ. ಬಿಡಿಬಿಡಿಯಾಗಿ ನಿಂತವನನ್ನು ನಾಲ್ಕು ಕಡೆಯಿಂದ ಹೊಡೆಯುತ್ತಾರೆ.

ಡಾರ್ಕ್_ಅಡೆಪ್ಟ್

ನಾನು ಯಾವಾಗಲೂ ರಾತ್ರಿಯ ಪಡೆ ಆಡುವವನು. ಆಚೆ ಕಡೆಯಿಂದ ಒಂದು ಮಾತು. ನಿಮ್ಮ ತಮ್ಮ ಬುದ್ಧಿವಂತ ಆಗಿದ್ದರೆ ಆರನೇ ಟರ್ನ್‌ನಲ್ಲಿ ಹೊಳೆಗೆ ಇಳಿಯುವುದಿಲ್ಲ. ಯಾಕೆ ಅಂದರೆ ಏಳನೆಯದು ನಸುಕು, ಎಂಟು ಹಗಲು. ನೀರಲ್ಲಿ ಸಿಕ್ಕಿಬಿದ್ದರೆ ನಿಮ್ಮ ಹಾರ್ಸ್‌ಮನ್ ಚಾರ್ಜ್ ಮಾಡುತ್ತಾನೆ. ಹಗಲಲ್ಲಿ ಚಾರ್ಜ್‌ನ ಎರಡು ಏಟೂ ತಾಗಿದರೆ ಪೂರ್ತಿ ಪ್ರಾಣ ಇರುವ ಗ್ರಂಟ್ ಕೂಡ ಉಳಿಯುವುದಿಲ್ಲ. ನೀರಲ್ಲಿ 80% ಅಂದರೆ ಎರಡೂ ತಾಗುವುದು 64%.

ಆದರೆ ಚಾರ್ಜ್ ಕೊಡುವುದನ್ನೂ ದುಪ್ಪಟ್ಟು ಮಾಡುತ್ತದೆ, ತಿನ್ನುವುದನ್ನೂ ದುಪ್ಪಟ್ಟು ಮಾಡುತ್ತದೆ. ರಾತ್ರಿ ಗ್ರಂಟ್ ಮೇಲೆ ಹಾರ್ಸ್‌ಮನ್ ನುಗ್ಗಿದರೆ ಅವನ ರೆಸಿಸ್ಟೆನ್ಸ್ ಕಳೆದ ಮೇಲೂ ಅವನಿಗೆ ಬೀಳುವ ಒಂದೊಂದು ಏಟೂ 18. ಎರಡು ತಾಗಿದರೆ 38ರಲ್ಲಿ 2 ಉಳಿಯುತ್ತದೆ. ರಾತ್ರಿ ಕುದುರೆಯನ್ನು ಕಟ್ಟಿಹಾಕಿ.

ತುಂಗಾತೀರ

ನಾನು ಆ ರಾತ್ರಿ ಎರಡು ಸಲ ಚಾರ್ಜ್ ಮಾಡಿಸಿದ್ದೆ. ಈಗ ಅರ್ಥ ಆಯಿತು.

ಇನ್ನೊಂದು. ದಾಳ ಮೋಸ ಅಂತ ಮನಸ್ಸಿನಲ್ಲಿ ಇತ್ತಲ್ಲ, ಮೆನುವಿನಲ್ಲಿ ಸ್ಟಾಟಿಸ್ಟಿಕ್ಸ್ ತೆಗೆದು ನೋಡಿದೆ. ಬರಬೇಕಾದ ಸರಾಸರಿ ಎಷ್ಟು, ನಿಜವಾಗಿ ಆದದ್ದು ಎಷ್ಟು ಅಂತ ತೋರಿಸುತ್ತದೆ. ನಾನು ಕೊಟ್ಟ ಏಟು ಸರಾಸರಿಗಿಂತ 3% ಕಡಿಮೆ. ತಿಂದದ್ದು 6% ಜಾಸ್ತಿ. ಅಷ್ಟೇ. ಆ ನಾಲ್ಕು ಏಟು ಮಾತ್ರ ಕಣ್ಣಿಗೆ ಕಟ್ಟಿಬಿಟ್ಟಿತ್ತು. ನನ್ನ ಸ್ಪಿಯರ್‌ಮನ್‌ಗಳು ಬಯಲಲ್ಲಿ ಸತತ ತಾಗಿಸಿದ ಏಟುಗಳು ನೆನಪೇ ಇರಲಿಲ್ಲ.

ಮುಂಗಾರು_77

ಇಂಥ ಆಟ ಪುಕ್ಕಟೆ ಸಿಗುತ್ತದೆ ಅನ್ನುವುದೇ ನನಗೆ ಆಶ್ಚರ್ಯ. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ್ದು. ಇವತ್ತಿಗೂ ಸ್ವಯಂಸೇವಕರು ನಡೆಸುತ್ತಿದ್ದಾರೆ. 1.18 ಆವೃತ್ತಿ ಬಂದದ್ದು 2024ರಲ್ಲಿ. ನಾನು ಕಾಲೇಜಿನ ಹಳೇ ಲ್ಯಾಪ್‌ಟಾಪ್‌ನಲ್ಲಿ ಆಡುತ್ತೇನೆ, ಒಂದು ಸಲವೂ ತಡವರಿಸಿಲ್ಲ.

ಹೊಸಬ_ಆಟಗಾರ

ನಾನು ಎಲ್ಫ್ ಆಡುತ್ತೇನೆ. ನನಗೂ ಈ ರಾತ್ರಿ ಹಗಲಿನ ಲೆಕ್ಕ ಬೇಕಾ?

ಸಾಗರಿ_ಆಡ್ತಾಳೆ

ಎಲ್ಫ್‌ಗಳಲ್ಲಿ ಹೆಚ್ಚಿನವರು ನ್ಯೂಟ್ರಲ್. ನಿಮ್ಮ ಏಟು ಹಗಲು ರಾತ್ರಿ ಒಂದೇ. ಆದರೆ ಎದುರಿನವನದ್ದು ಬದಲಾಗುತ್ತದಲ್ಲ, ಅದಕ್ಕೆ ಬೇಕು. ಓರ್ಕ್ ಎದುರಿದ್ದರೆ ರಾತ್ರಿ ಕಾಡು ಬಿಟ್ಟು ಹೊರಗೆ ಬರಬೇಡಿ.

ತುಂಗಾತೀರ

ಭಾನುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಏಳನೇ ಆಟ ಆಡಿದೆವು. ಅದೇ ಮ್ಯಾಪ್, ಅದೇ ಪಡೆಗಳು.

ಈ ಸಲ ಹೊಳೆಯಾಚೆ ಎರಡೇ ಹಳ್ಳಿ ಹಿಡಿದೆ. ನಾಲ್ಕನೇ ಟರ್ನ್‌ಗೆ ಎರಡನ್ನೂ ಬಿಟ್ಟು ಎಲ್ಲರನ್ನೂ ಈಚೆ ದಂಡೆಗೆ ತಂದೆ. ನನ್ನ ಕಡೆ ದಂಡೆಯಲ್ಲಿ ಒಂದು ಹಳ್ಳಿ, ಅದರ ಬಲಕ್ಕೆ ಒಂದು ಮನೆ ಬಿಟ್ಟು ಒಂದು ಗುಡ್ಡ. ಇವೆರಡೂ ಮುಂದೆ ಚಾಚಿದ ಮನೆಗಳೇ. ಅಲ್ಲಿ ಒಬ್ಬೊಬ್ಬ ಸ್ಪಿಯರ್‌ಮನ್. ನಡುವಿನ ಒಳ ಮನೆಯಲ್ಲಿ ಮೂರನೆಯವನು. ಮೇಜ್ ಹಿಂದೆ. ಕುದುರೆ ಇನ್ನೂ ಹಿಂದೆ.

ಬಿಟ್ಟು ಬರುವಾಗ ಕೈ ನಡುಗಿತು, ನಿಜ ಹೇಳುತ್ತೇನೆ. ಅವನು ಫೋನಲ್ಲಿ "ಯಾಕೋ ಅಣ್ಣ, ಹೆದರಿದೆಯಾ?" ಅಂದ. ನಾನು ಮಾತಾಡಲಿಲ್ಲ. ಐದನೇ ಟರ್ನ್‌ನಲ್ಲಿ ಅವನ ಮೂರು ಗ್ರಂಟ್, ಒಂದು ವೆಲ್ಪ್ ನೀರಿಗೆ ಇಳಿದವು. ಗುಡ್ಡದ ಮೇಲಿನ ಸ್ಪಿಯರ್‌ಮನ್ ಸತ್ತ. ಆದರೆ ಸಾಯುವ ಮೊದಲು ಎರಡು ಗ್ರಂಟ್‌ಗಳನ್ನು ಅರ್ಧ ಮಾಡಿದ್ದ. ನನ್ನ ಟರ್ನ್‌ನಲ್ಲಿ ಮೇಜ್ ಮುಂದೆ ಬಂದು ಒಂದನ್ನು ಸುಟ್ಟ. ಹಳ್ಳಿಯವನು ಇನ್ನೊಂದನ್ನು ಮುಗಿಸಿದ. ಆರನೇ ಟರ್ನ್‌ನಲ್ಲಿ ತಮ್ಮ ಇನ್ನೂ ಇಬ್ಬರನ್ನು ನೀರಿಗೆ ಇಳಿಸಿದ. ಏಳನೆಯದು ನಸುಕು. ಅವನು ಹಿಂದೆ ತಿರುಗಬೇಕು ಅಂದುಕೊಂಡ, ಆದರೆ ವೆಲ್ಪ್‌ನ ಎದುರು ಬದುರು ನನ್ನ ಇಬ್ಬರು ನಿಂತಿದ್ದರು. ಒಂದು ಮನೆ ಸರಿದು ನಿಂತಿತು. ಚೌಕಾಬಾರ ಅವರೇ, ಆಗ ನಿಮ್ಮ ಅಜ್ಜಿಯ ಹುಣಸೆ ಬೀಜ ನೆನಪಾಯಿತು.

ಎಂಟನೇ ಟರ್ನ್‌ನಲ್ಲಿ ಕುದುರೆ ಬಿಟ್ಟೆ. ಹತ್ತನೇ ಟರ್ನ್ ಹೊತ್ತಿಗೆ ಆಚೆಯ ಹಳ್ಳಿಗಳಲ್ಲಿ ನಾಲ್ಕು ನನ್ನವು. ಆಗ ರಾತ್ರಿ ಒಂದೂವರೆ. ಅಮ್ಮ ಎದ್ದು ಬಂದು ಲೈಟ್ ಆರಿಸಿದರು. ಆಟ ಸೇವ್ ಮಾಡಿ ಇಟ್ಟಿದ್ದೇವೆ. ಮುಂದಿನ ಶನಿವಾರ ಮುಂದುವರಿಯುತ್ತದೆ. ಹತ್ತನೆಯದು ಮುಸ್ಸಂಜೆ ಅಲ್ವಾ, ಅದಕ್ಕೇ ಆಚೆಯ ನಾಲ್ಕರಲ್ಲಿ ಯಾವುದನ್ನು ಬಿಡಬೇಕು ಅಂತ ಈಗಲೇ ಯೋಚಿಸುತ್ತಿದ್ದೇನೆ.

ಗುಡ್ಡದಮನೆ

ಈಗ ಅವನ ಹತ್ತಿರ ಎಷ್ಟು ಯೂನಿಟ್ ಉಳಿದಿವೆ? ಮೂರೋ ಅದಕ್ಕಿಂತ ಕಡಿಮೆಯೋ ಇದ್ದರೆ ಒಂದು ಹಳ್ಳಿಯನ್ನೂ ಬಿಡಬೇಡಿ. ಕತ್ತಲಲ್ಲಾದರೂ ಮೂವರು ಆರು ಜನರನ್ನು ಸುತ್ತುವರಿಯೋಕೆ ಆಗುವುದಿಲ್ಲ.

ಹಳೇಕೋಟೆ

ಅವನ ಚಿನ್ನ ಎಷ್ಟಿದೆ ಅಂತ ಮೊದಲು ನೋಡಿ. ಕೋಟೆಯಲ್ಲಿ ಹೊಸಬರನ್ನು ಇಳಿಸಿದರೆ ಹನ್ನೊಂದನೇ ಟರ್ನ್‌ಗೆ ನಿಮ್ಮ ಮುಂದೆ ಇರುತ್ತಾರೆ.

ತುಂಗಾತೀರ

ನಾಲ್ಕು ಯೂನಿಟ್ ಉಳಿದಿವೆ. ಚಿನ್ನ ಎಷ್ಟಿದೆಯೋ ಅವನು ಹೇಳುತ್ತಿಲ್ಲ. ಇನ್ನೊಂದು ವಿಷಯ: ಇದು ಮುಗಿದ ಮೇಲೆ ಮುಂದಿನ ಆಟಕ್ಕೆ ಅನ್‌ಡೆಡ್ ಪಡೆ (ಸತ್ತು ಎದ್ದವರ ಪಡೆ) ತೆಗೆದುಕೊಳ್ಳುತ್ತೇನೆ ಅಂದಿದ್ದಾನೆ. ಅದಕ್ಕೆ ಏನು ಮಾಡಲಿ?

ಡಾರ್ಕ್_ಅಡೆಪ್ಟ್

ಅದು ನನ್ನ ಪಡೆ, ಆದರೂ ಹೇಳುತ್ತೇನೆ. ಗಡಿಯಾರ ಅದೇ, ಅವರೂ ರಾತ್ರಿಯವರೇ. ಸ್ಪಿಯರ್‌ಮನ್ ಕಡಿಮೆ ಮಾಡಿ. ಎಲುಬಿನ ಗೂಡಿಗೆ ಈಟಿ ಚುಚ್ಚಿದರೆ ಅರ್ಧಕ್ಕಿಂತ ಜಾಸ್ತಿ ಏಟು ವ್ಯರ್ಥ. ಜಜ್ಜುವ ಆಯುಧ ಬೇಕು. ಹೆವಿ ಇನ್‌ಫೆಂಟ್ರಿಮನ್ ಒಬ್ಬ, ಮೇಜ್ ಇಬ್ಬರು ತೆಗೆದುಕೊಳ್ಳಿ. ಆದರೆ ಆ ಪಡೆಯ ಮಂತ್ರವಾದಿ ಡಾರ್ಕ್ ಅಡೆಪ್ಟ್ ಎದುರು ಹೆವಿ ಇನ್‌ಫೆಂಟ್ರಿಯನ್ನು ಬಿಡಬೇಡಿ, ಮಂತ್ರದ ಚಳಿಗೆ ಕವಚ ಏನೂ ಮಾಡುವುದಿಲ್ಲ. ಅಡೆಪ್ಟ್‌ಗೆ ಹತ್ತಿರದ ಆಯುಧವೇ ಇಲ್ಲ. ಪಕ್ಕಕ್ಕೆ ಹೋಗಿ ಹೊಡೆದರೆ ತಿರುಗಿ ಒಂದು ಏಟೂ ಬೀಳುವುದಿಲ್ಲ. ಅದಕ್ಕೆ ಕುದುರೆ ಕಳಿಸಿ.

ತುಂಗಾತೀರ

ಬರೆದುಕೊಂಡೆ. ಹೆವಿ ಇನ್‌ಫೆಂಟ್ರಿಗೆ ಮೂವ್ ಎಷ್ಟು?

ಡಾರ್ಕ್_ಅಡೆಪ್ಟ್

ನಾಲ್ಕು. ಮುಸ್ಸಂಜೆಗೆ ವಾಪಸ್ ತರಬೇಕು ಅಂದರೆ ಮಧ್ಯಾಹ್ನವೇ ಹೊರಡಿಸಿ.